ಭೂಕಂಪದ ಪಟ್ಟಿ

ಮನೆ ಕಟ್ಟುವ ಗೌಂಡಿ ಕನಕರಾಜ ಮೊದಲು ಇಟ್ಟಿಗೆ ಗೋಡೆಯ ಮೇಲೆ ಅಂಗೈ ಇಟ್ಟ. ಆಮೇಲೆ ಕಿಟಕಿಯ ಮೇಲುಗಡೆ ಮನೆಯ ಸುತ್ತ ಹಾದುಹೋದ ಕಾಂಕ್ರೀಟ್ ಪಟ್ಟಿಯನ್ನು ಮುಟ್ಟಿ ಥಟ್ಟನೆ ಕೈ ಎಳೆದುಕೊಂಡ.

"ಮುಟ್ಟಿ ನೋಡ್ರಿ, ಅಕ್ಕಾ. ಇಟ್ಟಂಗಿ ಬೆಚ್ಚಗದ, ಪಟ್ಟಿ ಸುಡಲತದ. ಕಿಟಕಿ ಮ್ಯಾಲಿನ ಛಜ್ಜಾ, ಪಟ್ಟಿ, ಸ್ಲ್ಯಾಬು ಎಲ್ಲಾ ಒಂದಕ್ಕೊಂದು ಕೂಡ್ಯಾವ. ಹೊರಗಿನ ಬಿಸಲು ಇದರಾಗಿಂದ ಸೀದಾ ಒಳಗ ಬರಲತದ."

ರಂಭಾಬಾಯಿ ಮುಟ್ಟಲಿಲ್ಲ. ಮಂಚದ ಮೇಲಿದ್ದ ಮಗಳ ಎದೆಗೆ ಒದ್ದೆ ಬಟ್ಟೆ ಹಾಸುತ್ತಿದ್ದಳು. ಸ್ನೇಹಲಳಿಗೆ ಇಪ್ಪತ್ತಾರು. ಎರಡು ವರ್ಷದ ಹಿಂದೆ ಉಮರ್ಗಾ ರಸ್ತೆಯಲ್ಲಿ ಅವಳ ಸ್ಕೂಟಿಗೆ ಲಾರಿ ಬಡಿದು ಕತ್ತಿನ ಎಲುಬು ಮುರಿದಿತ್ತು. ಅಂದಿನಿಂದ ಎದೆಯ ಕೆಳಗೆ ಚಲನೆಯಿಲ್ಲ, ಬೆವರೂ ಇಲ್ಲ. ಬೆವರದ ಮೈ ತಾನಾಗಿ ತಣಿಯುವುದಿಲ್ಲ, ಕೋಣೆ ಕಾದಂತೆ ಈಕೆಯೂ ಕಾಯುತ್ತಾಳೆ ಎಂದು ಡಾಕ್ಟರು ಹೇಳಿದ್ದರು.

ಲೋಹಾರಾದಲ್ಲಿ ಆ ಏಪ್ರಿಲ್ ತಿಂಗಳು ಹನ್ನೊಂದಕ್ಕೆ ಹೋದ ಕರೆಂಟು ನಾಲ್ಕಕ್ಕೆ ಬರುತ್ತಿತ್ತು. ಕೂಲರ್ ಇದ್ದೂ ಇಲ್ಲದಂತೆ. ರಂಭಾಬಾಯಿಯ ಗಂಡ ಮನ್ಮಥಪ್ಪ ಕಿರಾಣಿ ಅಂಗಡಿಗೆ ಬೀಗ ಹಾಕಿ ಸ್ಲ್ಯಾಬಿಗೆ ಸುಣ್ಣ ಬಳಿದಿದ್ದ, ಮೇಲೆ ಜೋಳದ ಕಣಿಕೆ ಹಾಸಿದ್ದ, ಒಳಗೋಡೆಗೆ ಥರ್ಮಾಕೋಲ್ ಅಂಟಿಸಿದ್ದ. ಆದರೂ ಮಧ್ಯಾಹ್ನವಾದರೆ ಕೋಣೆ ಒಲೆಯಾಗುತ್ತಿತ್ತು.

"ಪಟ್ಟಿ ಒಡದ್ರ?" ಎಂದ ಮನ್ಮಥಪ್ಪ.

"ಒಡದ್ರ ಮನಿ ತಾಕತ್ತೇ ಹೋಗ್ತದ್ರೀ. ಹೊರಗಿಂದ ಮುಚ್ಚಬಹುದು. ಖರೇ, ಛಜ್ಜಾ, ಕಾಲಮ್ಮು, ಎಷ್ಟಂತ ಮುಚ್ತೀರಿ?"

"ಪಟ್ಟಿಗಿ ಕೈ ಹಚ್ಚಬ್ಯಾಡ್ರಿ," ಎಂದಳು ರಂಭಾಬಾಯಿ.

ಭೂಕಂಪಕ್ಕೆ ಮನೆ ಬೀಳದಿರಲೆಂದು ಆ ಪಟ್ಟಿಗಳನ್ನು ಪಟ್ಟು ಹಿಡಿದು ಹಾಕಿಸಿದವಳು ಅವಳೇ. ಮೂವತ್ತೊಂದು ವರ್ಷದ ಹಿಂದೆ, ಗಣಪತಿ ಕಳಿಸಿ ಬಂದು ಮಲಗಿದ ನಸುಕಿನಲ್ಲಿ ಭೂಮಿ ನಡುಗಿ, ಮಣ್ಣಿನ ಮಾಳಿಗೆಯ ಸೂರು ಕುಸಿದು, ನಾಲ್ಕು ವರ್ಷದ ಹಿರಿಮಗಳು ಮುಕ್ತಾ ಅದರಡಿ ಉಳಿದುಬಿಟ್ಟಿದ್ದಳು. ಹೊಸ ಮನೆ ಕಟ್ಟುವಾಗ ರಂಭಾಬಾಯಿ ಬಿಸಿಲಲ್ಲಿ ನಿಂತು ಒಂದೊಂದು ಸರಳನ್ನೂ ಕಣ್ಣಾರೆ ನೋಡಿಕೊಂಡಿದ್ದಳು.

ಗೌಂಡಿ ಹೋದ ಮೇಲೆ ಮನ್ಮಥಪ್ಪ ಮೆಲ್ಲಗೆ ಹೇಳಿದ: "ಯೆಣೆಗೂರಿಂದ ತಮ್ಮ ಫೋನ್ ಮಾಡಿದ್ದ. ಅವನ ಮನಿ ತಂಪದ. ಎರಡು ಮೊಳದ ಮಣ್ಣಿನ ಗೋಡಿ, ಮ್ಯಾಲ ಮಾಳಗಿ. ಬ್ಯಾಸಗಿ ತನಕ ಇಟ್ಕೋತೀನಿ ಅಂದಾನ."

"ಮಾಳಗಿ ಕೆಳಗ ಒಬ್ಬಾಕಿಗಿ ಕಳಕೊಂಡೀನಿ. ಈಕಿಗಿ ಕೊಡಂಗಿಲ್ಲ."

"ಅವ್ವಾ," ಎಂದಳು ಸ್ನೇಹಲ, "ನನಗ ಇಲ್ಲಿ ಉಸರಾಡಲಿಕ್ಕಿ ಆಗವಲ್ದು."

ರಂಭಾಬಾಯಿ ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿದಳು.

ಮೂರನೆಯ ದಿನ ಮಧ್ಯಾಹ್ನ ಜ್ವರ ನೂರಾ ನಾಲ್ಕಕ್ಕೆ ಏರಿತು. ಸ್ನೇಹಲಳ ಮಾತು ತೊದಲತೊಡಗಿತು. ರಂಭಾಬಾಯಿ ಓಡಿಹೋಗಿ ನಲ್ಲಿ ತಿರುವಿದರೆ ಸ್ಲ್ಯಾಬಿನ ಮೇಲಿನ ಟಾಂಕಿಯ ನೀರು ಕೈ ಸುಟ್ಟಿತು. ಬಕೆಟ್ಟನ್ನು ಅಲ್ಲೇ ಬಿಟ್ಟು ಗಂಡನ ಮುಂದೆ ಬಂದು ನಿಂತಳು.

"ಗಾಡಿ ಕರಸ್ರಿ. ಮೊದಲ ದವಾಖಾನಿ. ಆಮ್ಯಾಲ ಎಲ್ಲಿಗಿ ಒಯ್ತೀರಿ, ಒಯ್ರಿ."

ದವಾಖಾನೆಯಲ್ಲಿ ಸಲೈನ್ ಹಚ್ಚಿದರು. ಅದೇ ಕೋಣೆಗೆ ಮತ್ತೆ ಒಯ್ಯಬೇಡಿ ಎಂದರು. ಮರುದಿನ ಬೆಳಿಗ್ಗೆ ಟೆಂಪೋದಲ್ಲಿ ಮಲಗಿಸಿ ಯೆಣೆಗೂರಿಗೆ ಕರೆದೊಯ್ದರು.

ಮೈದುನ ವಿಶ್ವನಾಥಪ್ಪನ ಮನೆಯೊಳಗೆ ನಡುಹಗಲಲ್ಲೂ ನೆಲ ತಣ್ಣಗಿತ್ತು. ಸಂಜೆಯೊಳಗೆ ಸ್ನೇಹಲಳ ಜ್ವರ ಇಳಿಯಿತು. ಎರಡು ವಾರದ ಮೇಲೆ ಮೊದಲ ಸಲ ಆಕೆ ರೊಟ್ಟಿ ಬೇಕೆಂದಳು. ರಂಭಾಬಾಯಿ ರೊಟ್ಟಿ ಮುರಿದು ಕಲಸಿ, ತಟ್ಟೆಯನ್ನು ಗಂಡನ ಕೈಗೆ ಕೊಟ್ಟಳು. ಅವಳು ಹೊಸ್ತಿಲು ದಾಟಿರಲಿಲ್ಲ. ಬಾಗಿಲ ಹೊರಗೆ, ಬೇವಿನ ನೆರಳಲ್ಲಿ ಕೂತೇ ಇದ್ದಳು.

ಮರುದಿನ ವಿಶ್ವನಾಥಪ್ಪ ಬಂದು ಪಕ್ಕದಲ್ಲಿ ಕೂತ. ಕಡ್ಡಿಯಿಂದ ನೆಲ ಗೀರುತ್ತ ಹೇಳಿದ.

"ವೈನಿ, ಒಂದು ಮಾತು. ನನಗ ಸರಕಾರದ ಘರಕುಲ ಮನಿ ಮಂಜೂರ ಆಗ್ಯಾದ. ಮಿರಗದ ಮಳಿಗಿಂತ ಮೊದಲ ಈ ಮನಿ ಕೆಡವಬೇಕು. ತೊಲಿ ಗೆದ್ದಲ ತಿಂದಾವ. ಇನ್ನೊಂದು ಮಳಿಗಾಲ ತಡಿಯಂಗಿಲ್ಲ."

"ಆಮ್ಯಾಲ?"

"ಆಮ್ಯಾಲ ಸ್ಲ್ಯಾಬೇ, ವೈನಿ. ಮಣ್ಣಿನ ಮನಿಗಿ ಸರಕಾರ ರೊಕ್ಕ ಕೊಡಂಗಿಲ್ಲ."

"ಬರೋ ಬ್ಯಾಸಗಿಗಿ?"

ವಿಶ್ವನಾಥಪ್ಪ ದನಕ್ಕೆ ನೀರು ಕುಡಿಸುವ ನೆವ ಮಾಡಿ ಎದ್ದುಹೋದ.

ರಂಭಾಬಾಯಿ ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಸ್ನೇಹಲ ನಿದ್ದೆಯಲ್ಲಿದ್ದಳು. ತೊಲೆಗಳ ನಡುವಿನಿಂದ ಮಣ್ಣು ಎಳೆಯಾಗಿ ಉದುರಿ ಅವಳ ಪಾದದ ಮೇಲೆ ಬೀಳುತ್ತಿತ್ತು. ಒಮ್ಮೆ ನಿಂತು, ಮತ್ತೆ ಉದುರಿತು.

ರಂಭಾಬಾಯಿ ಚೌಕಟ್ಟು ಹಿಡಿದು ಕಾಲನ್ನು ಒಳಗಿಟ್ಟಳು. ಸೆರಗಿನಿಂದ ಮಗಳ ಪಾದ ಒರೆಸಿದಳು. ಆಮೇಲೆ ಮಂಚದ ತುದಿಯಲ್ಲಿ ಕೂತು, ಆ ಪಾದಗಳ ಮೇಲೆ ಬಾಗಿದಳು. ಮಣ್ಣು ಅವಳ ಬೆನ್ನಿನ ಮೇಲೆ ಸದ್ದಿಲ್ಲದೆ ಬೀಳುತ್ತಿತ್ತು.