ಮೂರು ಬಾಂಡ್ಲಿಗೆ ಒಂದು

ಊರಿನವರೆಲ್ಲ ಅವನನ್ನು ಟೋಪಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹಾಗೆಂದು ಅವನು ಯಾರಿಗೂ ಟೋಪಿ ಹಾಕಿದವನಲ್ಲ, ಪಾಪ. ಹಾಕುತ್ತಿದ್ದುದೆಲ್ಲ ಮನೆಗಳ ಹೊಗೆಗೂಡಿಗೆ. ಸೂರಿನ ಮೇಲೆ ಎದ್ದು ನಿಂತ ಇಟ್ಟಿಗೆಗೂಡಿನ ನೆತ್ತಿಯ ಮೇಲೆ, ಹೊಗೆಕೊಳವೆಯ ಸುತ್ತ, ನಾಲ್ಕೂ ಕಡೆಗೆ ಇಳಿಜಾರಾಗಿ ಸಿಮೆಂಟಿನ ಹೊದಿಕೆಯೊಂದನ್ನು ಕೂರಿಸಬೇಕು. ಅದಕ್ಕೇ ಟೋಪಿ ಎನ್ನುವುದು. ಟೋಪಿ ಗಟ್ಟಿಯಿದ್ದರೆ ಮಳೆನೀರು ಆಚೆಗೆ ಜಾರಿಹೋಗುತ್ತದೆ. ಸೀಳಿತೋ, ನೀರು ಇಟ್ಟಿಗೆಗೆ ಇಳಿದು, ಗೋಡೆಗೆ ಇಳಿದು, ಮನೆಯೊಳಗೇ ಸಂಸಾರ ಹೂಡುತ್ತದೆ.

ಟೈಲರಮ್ಮನ ಮನೆಯಲ್ಲಿ ಅದು ಹೊಲಿಗೆ ಮೆಷಿನ್ನಿನವರೆಗೂ ಬಂದಿತ್ತು.

"ಗೋಡೆ ಮುಟ್ಟಿದ್ರೆ ಸುಣ್ಣ ಕೈಗೇ ಬರುತ್ತೆ ಮೇಸ್ತ್ರಿ" ಎಂದಳು ಟೈಲರಮ್ಮ. "ಗಿರಾಕಿಗಳ ಬಟ್ಟೆನೆಲ್ಲ ಮಂಚದ ಮೇಲೆ ಪೇರಿಸಿಟ್ಟು ನಾನು ಕುರ್ಚಿ ಮೇಲೆ ಮಲಗ್ತಿದೀನಿ. ಈ ಸಲ ತೇಪೆ ಗೀಪೆ ಬೇಡ. ಪೂರ್ತಿ ಒಡೆದು ಹೊಸದು ಹಾಕಿ."

ತೇಪೆ ಎಂದಾಗ ಮೇಸ್ತ್ರಿ ತಲೆ ತಗ್ಗಿಸಿದ. ಆರು ವರ್ಷದ ಹಿಂದೆ ಈ ಟೋಪಿ ಹಾಕಿದವನೂ ಅವನೇ, ವರ್ಷ ತುಂಬುವ ಮೊದಲೇ ಅದು ಬಿರುಕು ಬಿಟ್ಟಾಗ ತೇಪೆ ಮೆತ್ತಿದವನೂ ಅವನೇ.

ಆಗೆಲ್ಲ ಅವನದು ಜೋಡಿ ಕೆಲಸ. ಅವನು ಮೇಲೆ, ಹೆಂಡತಿ ಕೆಳಗೆ. ಮೂರು ಬಾಂಡ್ಲಿ ಮರಳಿಗೆ ಒಂದು ಬಾಂಡ್ಲಿ ಸಿಮೆಂಟು ಹಾಕಿ ಅವಳು ಗಾರೆ ಕಲಸಿ, ಬಕೆಟ್ಟಿಗೆ ತುಂಬಿ, ರಾಟೆಯ ಹಗ್ಗ ಎಳೆದು ಮೇಲೆ ಕಳಿಸುತ್ತಿದ್ದಳು. ಕೂಗಾಟವಿಲ್ಲ. ಅವನು ಹಗ್ಗವನ್ನು ಒಂದು ಸಲ ಜಗ್ಗಿದರೆ ಗಾರೆ, ಎರಡು ಸಲ ಜಗ್ಗಿದರೆ ನೀರು. ಮೂರು ಸಲ ಜಗ್ಗಿದರೆ ಕೆಲಸ ಮುಗಿಯಿತು, ಊಟದ ಡಬ್ಬಿ ಬಿಚ್ಚು ಎಂದು. ಇಪ್ಪತ್ತೆಂಟು ವರ್ಷ ಹೀಗೇ ನಡೆದಿತ್ತು, ಹಾಕಿದ ಒಂದು ಟೋಪಿಯೂ ಸೀಳಿರಲಿಲ್ಲ.

ಇದು ಸೀಳಿತು. ಅವನು ಏಣಿಯ ಮೇಲಿಂದಲೇ ಇಣುಕಿ ನೋಡಿ, ಇಳಿದು ಬಂದು, ಟೈಲರಮ್ಮನೂ ಅಕ್ಕಪಕ್ಕದವರೂ ನಿಂತಿದ್ದ ಅಂಗಳದಲ್ಲೇ ಹೆಂಡತಿಗೆ ಹೇಳಿದ್ದ: "ನಿನ್ನ ಲೆಕ್ಕ ತಪ್ಪಿದೆ. ಮರಳು ಜಾಸ್ತಿ ಸುರಿದಿದೀಯ. ಸಾಕು, ಇನ್ಮೇಲೆ ಮನೇಲಿರು." ಆ ದಿನಗಳಲ್ಲಿ ಅವಳು ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತಿದ್ದುದು ನಿಜ. ಹಾಗಾಗಿ ಎಲ್ಲರೂ ನಂಬಿದರು. ಅವನಂತೂ ಮೊದಲೇ ನಂಬಿದ್ದ.

"ಮೂರಕ್ಕೊಂದೇ ಹಾಕಿದ್ದೆ ಕಣ್ರೀ" ಎಂದಿದ್ದಳು ಅವಳು. ಅಷ್ಟೇ. ನಾಲ್ಕು ವರ್ಷ ಮನೆಯ ಮೂಲೆಯಲ್ಲಿ ಕೂತು ಕಡ್ಡಿಯಾದಳು. ಕಾಯಿಲೆ ಬಿದ್ದು ಮಾತು ನಿಲ್ಲುವ ವಾರದಲ್ಲೂ ಒಮ್ಮೆ ಅವನ ಕೈ ಹಿಡಿದು, "ಮೂರಕ್ಕೊಂದೇ ಹಾಕಿದ್ದೆ" ಎಂದಳು. ಇವನು ದೊಡ್ಡ ಮನಸ್ಸು ಮಾಡಿ, "ಹೋಗಲಿ ಬಿಡೇ, ಅದನ್ನ ನಾನು ಯಾವತ್ತೋ ಮರೆತಿದೀನಿ" ಎಂದ. ಅಂದರೆ ಕ್ಷಮಿಸಿದ, ಮಹಾನುಭಾವ.

ಅವಳು ಹೋಗಿ ಈಗ ಎರಡು ವರ್ಷ. ಅರವತ್ತೇಳರ ಮಂಡಿಯಲ್ಲಿ ಒಬ್ಬನೇ ಏಣಿ ಹತ್ತುವುದು ಬೇಡವೆಂದು ಮಗಳು ರಜೆ ಹಾಕಿ ಬಂದಿದ್ದಳು. ಅವಳು ಬಸ್ ಕಂಡಕ್ಟರ್. ಅಮ್ಮನನ್ನು ಮನೆಗೆ ಕಳಿಸಿದ ದಿನದಿಂದ ಅಪ್ಪನಿಗೆ ‘ನೀವು’ ಎನ್ನಲು ಶುರುಮಾಡಿದ್ದವಳು, ಇನ್ನೂ ಬಿಟ್ಟಿರಲಿಲ್ಲ. ಅಮ್ಮನ ಹಳೇ ಕ್ಯಾನ್ವಾಸ್ ಚೀಲವನ್ನೇ ಹೆಗಲಿಗೆ ಹಾಕಿಕೊಂಡು ಬಂದಿದ್ದಳು, ಸಾಮಾನೆಲ್ಲ ಅದರಲ್ಲೇ ಇತ್ತು.

ಬೆಳಿಗ್ಗೆ ಅವನು ಹಗ್ಗದ ಲೆಕ್ಕ ಹೇಳಿಕೊಟ್ಟ, ಒಂದಕ್ಕೆ ಗಾರೆ, ಎರಡಕ್ಕೆ ನೀರು. ಅವಳು ಏಣಿಯ ಕಾಲು ಗಟ್ಟಿಯಾಗಿ ಹಿಡಿದುಕೊಂಡು ಹೇಳಿದಳು: "ಇವತ್ತು ಒಡೀತೀರಲ್ಲ, ಒಳಗೆ ಸರಿಯಾಗಿ ನೋಡಿ ಹೇಳಿ. ಅಮ್ಮ ಹಾಕಿದ್ದು ಮೂರಕ್ಕೊಂದೋ ಅಲ್ವೋ. ನಂಗೆ ಗೊತ್ತಾಗ್ಬೇಕು. ಸುಳ್ಳು ಹೇಳ್ಬೇಡಿ."

ಅವನು ಉಳಿ ಸುತ್ತಿಗೆ ಎತ್ತಿಕೊಂಡು ಹತ್ತಿದ. ಒಳಗೊಳಗೇ ಅವನಿಗೊಂದು ಆಸೆಯಿತ್ತು, ಹೇಳಿಕೊಳ್ಳಲು ನಾಚಿಕೆಯಾಗುವಂಥದು. ಗಾರೆ ಪುಡಿಪುಡಿಯಾಗಿ ಬರಲಿ ಎಂದು. ಸತ್ತವಳ ತಪ್ಪು ಸತ್ತವಳದ್ದೇ ಆಗಿರಲಿ ಎಂದು.

ಉಳಿ ಇಟ್ಟು ಸುತ್ತಿಗೆಯಿಂದ ಬಡಿದ. ಉಳಿ ಜಾರಿತು. ಇನ್ನೊಮ್ಮೆ ಬಡಿದ. ಕಿಡಿ ಹಾರಿತೇ ಹೊರತು ಚೂರು ಏಳಲಿಲ್ಲ. ಮರಳು ಹೆಚ್ಚಾದ ಗಾರೆ ಮೂರೇಟಿಗೆ ಹಿಟ್ಟಾಗಬೇಕು. ಇದು ಅವನ ಬೆವರಿಳಿಸಿತು. ಕಾಲು ಗಂಟೆ ಗುದ್ದಿದ ಮೇಲೆ ಒಂದು ತುಂಡು ಕಲ್ಲಿನಂತೆ ಬಿಟ್ಟುಬಂತು. ಒಡೆದ ಮೈಯನ್ನು ಹೆಬ್ಬೆರಳಿನಿಂದ ಉಜ್ಜಿದ. ಒಂದು ಕಾಳು ಮರಳೂ ಉದುರಲಿಲ್ಲ. ಮೂರಕ್ಕೊಂದು. ಅಳೆದು ತೂಗಿ ಹಾಕಿದ ಮೂರಕ್ಕೊಂದು.

ಹಾಗಾದರೆ ಸೀಳಿದ್ದೇಕೆ? ಬಗ್ಗಿ ನೋಡಿದ. ನಾಲ್ಕು ಬಿರುಕೂ ಕೊಳವೆಯ ಬುಡದಿಂದಲೇ ಹೊರಟಿದ್ದವು. ಗಾರೆ ಕೊಳವೆಯನ್ನು ಅಂಟಿಕೊಂಡೇ ಕೂತಿತ್ತು, ನಡುವೆ ಕೂದಲೆಳೆಯಷ್ಟೂ ಸಂದಿಯಿರಲಿಲ್ಲ. ಒಲೆ ಉರಿದಾಗ ಕೊಳವೆ ಕಾಯುತ್ತದೆ, ಕಾದರೆ ಹಿಗ್ಗುತ್ತದೆ. ಅದಕ್ಕೇ ಮೊದಲು ಕೊಳವೆಗೆ ಡಾಂಬರು ಕಾಗದದ ಪಟ್ಟಿ ಸುತ್ತಿ, ಆಮೇಲೆ ಗಾರೆ ಹಾಕಬೇಕು. ಇದು ಅವನೇ ಹತ್ತಾರು ಜನರಿಗೆ ಕಲಿಸಿದ ಪಾಠ. ಕಾಗದ ಸುತ್ತುವುದು ಮೇಲೆ ಕೂತವನ ಕೆಲಸ, ಕೆಳಗಿದ್ದವಳದ್ದಲ್ಲ.

ಆಗ ನೆನಪಾಯಿತು. ಈ ಟೋಪಿ ಹಾಕಿದ ದಿನ ಮೋಡ ಕವಿದಿತ್ತು. ಕೆಳಗಿಂದ ಅವಳು, "ಕಾಗದ ಕಳಿಸ್ಲೇನ್ರೀ?" ಎಂದು ಕೂಗಿದ್ದಳು. ಇವನು, "ಸುಮ್ನಿರೇ, ಮಳೆ ತಲೆ ಮೇಲೇ ಇದೆ, ಗಾರೆ ಕಳಿಸು ಮೊದ್ಲು!" ಎಂದು ಗದರಿಸಿದ್ದ. ಗಾರೆ ಬಂತು, ಸುರಿದ, ಮಟ್ಟ ಮಾಡಿದ, ಮಳೆಗೆ ಮೊದಲು ಮುಗಿಸಿದೆನೆಂದು ಬೀಗಿದ. ಕಾಗದದ ಸುದ್ದಿ ಅಲ್ಲಿಗೇ ಮರೆತುಹೋಗಿತ್ತು.

ಹಳೇ ಟೋಪಿಯನ್ನು ಪೂರ್ತಿ ತೆಗೆಯುವ ಹೊತ್ತಿಗೆ ಅವನ ಕೈ ಬಿದ್ದುಹೋಗಿತ್ತು. ಕೆಳಗೆ ಬಗ್ಗಿ, "ಡಾಂಬರು ಕಾಗದ ಕತ್ತರಿಸಿ ಕಳಿಸಮ್ಮ, ಒಂದು ಗೇಣು ಅಗಲ" ಎಂದ.

"ಕತ್ತರಿಸಿದ್ದೇ ಇದೆಯಲ್ಲ, ಚೀಲದ ಅಡೀಲಿ" ಎಂದು ಮಗಳು ಬಕೆಟ್ಟಿನಲ್ಲಿ ಹಾಕಿ ಹಗ್ಗ ಎಳೆದಳು.

ಬಂದದ್ದು ಸುರುಳಿ ಸುತ್ತಿ ದಾರ ಕಟ್ಟಿದ್ದ ಹಳೇ ಪಟ್ಟಿ. ಅವನು ದಾರ ಬಿಚ್ಚಿ ಕೊಳವೆಗೆ ಸುತ್ತಿದ. ಒಂದು ತುದಿ ಇನ್ನೊಂದು ತುದಿಗೆ ಸರಿಯಾಗಿ ಬಂದು ಕೂತಿತು, ಒಂದು ಬೆರಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಇದೇ ಕೊಳವೆಗೆ ಅಳತೆ ಮಾಡಿ ಕತ್ತರಿಸಿದ ಪಟ್ಟಿ. ಆರು ವರ್ಷದಿಂದ ಹೆಂಡತಿಯ ಚೀಲದಲ್ಲೇ ಇತ್ತು.

ಹಾಗಾದರೆ ಅವನು ಕಾಗದ ಸುತ್ತಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಂಗಳದಲ್ಲಿ ಎಲ್ಲರೆದುರು ಅವನು ಬಾಯಿಗೆ ಬಂದಂತೆ ಅಂದಾಗ, ಈ ಚೀಲ ಅವಳ ಹೆಗಲ ಮೇಲೇ ಇತ್ತು. ಕೈ ಹಾಕಿ ಈ ಸುರುಳಿಯನ್ನು ತೆಗೆದು ತೋರಿಸಿದ್ದರೆ ಸಾಕಿತ್ತು, ಟೋಪಿ ಮೇಸ್ತ್ರಿಯ ಮಾನ ಮೂರು ಕಾಸಿಗೆ ಹರಾಜಾಗುತ್ತಿತ್ತು. ಅವಳು ತೆಗೆಯಲಿಲ್ಲ. ತನ್ನ ಪಾಲಿನದನ್ನಷ್ಟೇ ಹೇಳಿದಳು, ಮೂರಕ್ಕೊಂದು ಹಾಕಿದ್ದೆ ಎಂದು. ಅವನ ಪಾಲಿನದನ್ನು ಅವನೇ ಹೇಳಲಿ ಎಂದು ನಾಲ್ಕು ವರ್ಷ ಕಾದಳು.

ಅವನು ಗೂಡನ್ನು ಅಪ್ಪಿ ಹಿಡಿದು ಅತ್ತುಬಿಟ್ಟ.

"ಏನಾಯ್ತು? ಅಮ್ಮಂದು ಏನಾಯ್ತು, ಹೇಳಿ!" ಕೆಳಗಿಂದ ಮಗಳು ಕೂಗಿದಳು.

"ಮೂರಕ್ಕೊಂದೇ ಹಾಕಿದಾಳೆ. ಕಾಗದ ಸುತ್ತೋದು ನಾನು ಮರ್ತಿದ್ದೆ. ತಪ್ಪು ನಂದು."

"ಕೇಳಿಸ್ಲಿಲ್ಲ."

ತುಂಬಿದ ಬಸ್ಸಿನ ಕೊನೇ ಸೀಟಿನ ಪಿಸುಮಾತು ಹಿಡಿಯುವ ಕಿವಿ ಅವಳದು. ಕೇಳಿಸಿತ್ತು. ಅಂದು ಎಷ್ಟು ಜೋರಾಗಿ ಅಂದಿದ್ದನೋ ಇಂದೂ ಅಷ್ಟೇ ಜೋರಾಗಿ ಬೇಕಿತ್ತು ಅವಳಿಗೆ. ಅವನಿಗೂ ಅರ್ಥವಾಯಿತು. ಎದ್ದು ನಿಂತು, ಬೀದಿಗೆ ಕೇಳುವಂತೆ ಕೂಗಿದ: "ನನ್ನ ಹೆಂಡ್ತಿ ಲೆಕ್ಕ ತಪ್ಪಿರ್ಲಿಲ್ಲ! ತಪ್ಪಿದ್ದು ನಾನು! ಸುಮ್ಸುಮ್ನೆ ಅವಳ ಮೇಲೆ ಹಾಕ್ಬಿಟ್ಟೆ!"

ಒಳಗೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು. ಟೈಲರಮ್ಮ ಬಾಗಿಲಿಗೆ ಬಂದಳು. ಎದುರು ಮನೆಯ ಕಿಟಕಿಯೊಂದು ತೆರೆಯಿತು, ಯಾರೋ ಹೊಸಬರು, ಏನೂ ಅರ್ಥವಾಗದೆ ಮತ್ತೆ ಮುಚ್ಚಿಕೊಂಡರು. ಮಗಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಗಾರೆ ಕಲಸಲು ಕೂತಳು. ಮೂರು ಬಾಂಡ್ಲಿ ಮರಳು, ಒಂದು ಬಾಂಡ್ಲಿ ಸಿಮೆಂಟು.

ಅವನು ಆ ಹಳೇ ಪಟ್ಟಿಯನ್ನು ಅದೇ ದಾರದಿಂದ ಕೊಳವೆಗೆ ಕಟ್ಟಿ, ಸುತ್ತ ಗಾರೆ ತುಂಬಿದ. ನೀರು ಗೋಡೆಗೆ ತಾಗದೆ ತೊಟ್ಟಿಕ್ಕಲಿ ಎಂದು ಅಂಚಿನ ಕೆಳಗೆ ಗೀರು ಎಳೆದ. ಕರಣೆಯಿಂದ ಇಳಿಜಾರು ತೀಡಿದ. ಇಷ್ಟು ಚೆನ್ನಾದ ಟೋಪಿಯನ್ನು ಅವನು ಜನ್ಮದಲ್ಲಿ ಹಾಕಿರಲಿಲ್ಲ. ಮುಗಿದಾಗ, ಯೋಚನೆಯೇ ಇಲ್ಲದೆ, ಕೈ ಹಗ್ಗವನ್ನು ಮೂರು ಸಲ ಜಗ್ಗಿತು.

ರಾಟೆ ಕಿರುಗುಟ್ಟಿತು. ಬಕೆಟ್ ಮೇಲೆ ಬಂತು, ಖಾಲಿ.

"ಮೂರಕ್ಕೆ ಏನು ಕಳಿಸ್ಬೇಕು ಅಂತ ನೀವು ಹೇಳ್ಲೇ ಇಲ್ಲ" ಎಂದಳು ಮಗಳು.

"ಏನೂ ಕಳಿಸ್ಬೇಡ" ಎಂದ ಅವನು. "ಊಟದ ಡಬ್ಬಿ ಬಿಚ್ಚು, ಬರ್ತಿದೀನಿ ಅಂತ. ನಿಮ್ಮಮ್ಮಂಗೆ ಹೇಳ್ತಿದ್ದೆ."

ಕೆಳಗೆ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು.

"ಬಿಚ್ಚಿದೀನಿ" ಎಂದಳು ಮಗಳು. "ಇಳಿದು ಬಾ ಅಪ್ಪ."

ಅವನು ಏಣಿಯ ಕಡೆ ತಿರುಗಿ ಕಾಲು ಚಾಚಿದ. ಕಣ್ಣು ತುಂಬಿ ಮೊದಲ ಮೆಟ್ಟಿಲೇ ಕಾಣುತ್ತಿರಲಿಲ್ಲ. ಖಾಲಿ ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತ.