ಒಂದು ಹೆಜ್ಜೆ ಹಿಂದಕ್ಕೆ

ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಮೂಲೆಯ ಕಟ್ಟೆಯ ಮೇಲೆ ಮುನೀಂದ್ರ ನಾಲ್ಕು ಹುಣಿಸೆ ಬೀಜ ಎಸೆದ. ಒಂದು ಬದಿ ತೇಯ್ದು ಬಿಳಿ ಮಾಡಿದ ಬೀಜಗಳು; ಚೌಕಾಬಾರ ಆಡುವ ಮನೆಗಳಲ್ಲೆಲ್ಲ ಇರುವಂಥವು. ಎರಡು ಬಿಳಿ ಬಿದ್ದವು. ಎರಡು ಬಿದ್ದರೆ ಬಲಕ್ಕೆ. ಬೀಜಗಳನ್ನು ಆಯ್ದು ಜೇಬಿಗೆ ಹಾಕಿಕೊಂಡು, ಕ್ಯಾಮೆರಾ ಹೆಗಲಿಗೇರಿಸಿ ಬಲಕ್ಕೆ ತಿರುಗಿದ.

ನಲವತ್ತರ ಹತ್ತಿರದ ಗಂಡಸು, ಸ್ವಂತ ಸ್ಟುಡಿಯೋ ಇಟ್ಟವನು, ಬೀದಿಬೀದಿಯಲ್ಲಿ ಕೂತು ಬೀಜ ಎಸೆಯುತ್ತಾನೆಂದರೆ ಜನ ನಗದೆ ಇರುತ್ತಾರೆಯೇ? ಮೊದಮೊದಲು ನಕ್ಕರು, ಆಮೇಲೆ ಅವರಿಗೂ ಬೇಜಾರಾಗಿ ಬಿಟ್ಟುಬಿಟ್ಟರು. ಅವನ ಕಟ್ಟಳೆ ಸುಲಭದ್ದು. ಒಂದು ಬಿಳಿ ಬಿದ್ದರೆ ಎಡಕ್ಕೆ, ಎರಡಕ್ಕೆ ಬಲಕ್ಕೆ, ಮೂರಕ್ಕೆ ನೇರ. ನಾಲ್ಕೂ ಬಿಳಿಯಾದರೆ ನಿಂತಲ್ಲೇ ಕ್ಯಾಮೆರಾ ಎತ್ತಿ, ಎದುರಿಗೆ ಏನಿದೆಯೋ ಅದನ್ನೇ ತೆಗೆಯಬೇಕು. ನಾಲ್ಕೂ ಕಪ್ಪಾದರೆ ಬಸ್‌ಸ್ಟ್ಯಾಂಡಿಗೆ ಹೋಗಿ ಮೊದಲು ಬಂದ ಬಸ್ಸು ಹತ್ತಬೇಕು. ಹೀಗೆ ತೆಗೆದ ಚಿತ್ರಗಳಲ್ಲಿ ಇರುತ್ತಿದ್ದದ್ದೇನು ಮಹಾ! ಎಳೆದ ಶಟರು, ಅರ್ಧ ಮೇಕೆ, ಯಾರದೋ ಬೆನ್ನು. ಅವನಿಗೆ ಅಷ್ಟೇ ಸಾಕಿತ್ತು. ಯಾರನ್ನೂ ಅಲ್ಲಿ ನಿಲ್ಲು ಇಲ್ಲಿ ನಿಲ್ಲು ಎನ್ನಬೇಕಾಗಿರಲಿಲ್ಲ.

ಎರಡು ವರ್ಷದ ಹಿಂದೆ ಹೀಗಿರಲಿಲ್ಲ. ಮದುವೆ ಗೊತ್ತಾದ ಜೋಡಿಗಳನ್ನು ಸೈನೈಡ್ ದಿಬ್ಬದ ಮೇಲೆ ನಿಲ್ಲಿಸಿ ಫೋಟೋ ತೆಗೆಯುವುದರಲ್ಲಿ ಅವನದು ಎತ್ತಿದ ಕೈ. ಚಿನ್ನ ತೆಗೆದು ಉಳಿದ ಪುಡಿಯನ್ನು ಗಣಿಯವರು ನೂರು ವರ್ಷ ಸುರಿದ ದಿಬ್ಬಗಳು ಅವು. ಫೋಟೋದಲ್ಲಿ ಯಾವುದೋ ಮರುಭೂಮಿಯಂತೆ ಕಾಣುತ್ತವೆ. ಹೆಂಡತಿ ಮುನಿಲಕ್ಷ್ಮಿಯ ತಮ್ಮ ವೇಣು ಬಿಳಿ ಥರ್ಮಾಕೋಲ್ ಶೀಟು ಹಿಡಿದು ಬಿಸಿಲನ್ನು ಜೋಡಿಯ ಮುಖಕ್ಕೆ ತಿರುಗಿಸುತ್ತಿದ್ದ. ದಸರಾ ಮುಗಿದ ವಾರ, ಹಿಂದಿನ ದಿನವಷ್ಟೇ ಜೋರು ಮಳೆ. ಮಳೆ ಬಿದ್ದ ಮೇಲೆ ದಿಬ್ಬದ ಅಂಚು ಮೇಲೆ ಗಟ್ಟಿ, ಒಳಗೆ ಪೊಳ್ಳು ಎಂಬುದು ಈ ಊರಿನ ಮಕ್ಕಳಿಗೂ ಗೊತ್ತು. ಮುನೀಂದ್ರನಿಗೂ ಗೊತ್ತಿತ್ತು. ಕಣ್ಣು ಕ್ಯಾಮೆರಾದೊಳಗಿದ್ದಾಗ ಮಾತ್ರ ಗೊತ್ತಿರಲಿಲ್ಲ.

ಅಂಚು ಕುಸಿದು ವೇಣು ಕೊರಕಲಿಗೆ ಬಿದ್ದ. ಅವನ ಮೇಲೆ ಅರ್ಧ ದಿಬ್ಬ ಬಿತ್ತು. ಕಣ್ಣುಮುಚ್ಚಿ ಹಣೆಗೆ ಹಣೆ ತಾಗಿಸಿ ನಿಂತಿದ್ದ ಜೋಡಿ ಏನನ್ನೂ ನೋಡಲಿಲ್ಲ. ಹೇಗಾಯಿತೆಂದು ಪೊಲೀಸರು ಕೇಳಿದಾಗ, "ಫೋನ್ ನೋಡ್ತಾ ನಿಂತಿದ್ದ ಸಾರ್" ಎಂಬ ಮಾತು ಮುನೀಂದ್ರನ ಬಾಯಿಂದ ತಾನಾಗಿ ಬಂತು. ಇಪ್ಪತ್ತಮೂರರ ಹುಡುಗ ಫೋನ್ ನೋಡುತ್ತಿದ್ದ ಎಂದರೆ ಯಾರು ತಾನೆ ನಂಬುವುದಿಲ್ಲ? ಎಲ್ಲರೂ ನಂಬಿದರು. ಹೆತ್ತ ತಾಯಿಯೂ ನಂಬಿದಳು.

ಆ ತಾಯಿ, ಕದಿರಮ್ಮ, ಮುನೀಂದ್ರನಿಗೆ ಅತ್ತೆ ಮಾತ್ರವಲ್ಲ, ಅಪ್ಪನ ಒಡಹುಟ್ಟಿದವಳು. ಚೌಕಾಬಾರ ಆಡುವುದನ್ನು ಅವನಿಗೆ ಕಲಿಸಿದ್ದೇ ಅವಳು. ಎರಡು ವರ್ಷದಿಂದ ಅವನು ಅವಳ ಹೊಸಿಲು ತುಳಿದಿರಲಿಲ್ಲ. ಇವತ್ತು ಮಾಲಯ ಅಮಾವಾಸ್ಯೆ. ಹೋದ ಸಲ ವರ್ಷ ತುಂಬಿರಲಿಲ್ಲ; ವೇಣುವಿಗೆ ಎಡೆ ಇಡಬೇಕಾದದ್ದು ಈ ಸಲವೇ ಮೊದಲು. ಬೆಳಿಗ್ಗೆ ತವರಿಗೆ ಹೊರಟ ಮುನಿಲಕ್ಷ್ಮಿ ಬಾಗಿಲಲ್ಲಿ ನಿಂತು ಹೇಳಿದ್ದಳು: "ಅಮ್ಮ ಅವನ್ಗೆ ಎಡೆ ಇಕ್ಕಲ್ಲ ಅಂತವ್ಳೆ. ನೀವಾದ್ರೂ ಬಂದು ಒಂದು ಮಾತೇಳಿ. ನಿಮ್ಮ ಮಾತು ಕೇಳ್ತಾಳೆ." ಸ್ಟುಡಿಯೋದಲ್ಲಿ ಕೆಲಸವಿದೆ ಎಂದು ಅವನು ಮುಖ ತಿರುಗಿಸಿದ್ದ. ಎಡೆ ಇಲ್ಲದ ವೇಣು ಇಡೀ ಬೆಳಿಗ್ಗೆ ಅವನ ಹಿಂದೆಯೇ ನಡೆದು ಬರುತ್ತಿದ್ದ.

ಬಲಕ್ಕೆ ತಿರುಗಿದ ಬೀದಿಯಲ್ಲಿ ಬಾಳೆಎಲೆ ಮಾರುತ್ತಿದ್ದ ಮುತ್ಯಾಲಮ್ಮ ಕ್ಯಾಮೆರಾ ನೋಡಿ, ನನ್ನದೊಂದು ಫೋಟೋ ತೆಗಿ, ನಾನು ಸತ್ತ ಮೇಲೆ ಮಕ್ಕಳು ಇಟ್ಟುಕೊಳ್ಳಲಿ ಎಂದು ಸೆರಗು ಸರಿಮಾಡಿಕೊಂಡಳು. ಗೋಡೆ ಪಕ್ಕ ನಿಲ್ಲಲೋ, ಇನ್ನಷ್ಟು ಹಿಂದೆ ಹೋಗಲೋ ಎಂದು ಕೇಳುತ್ತ ಹಿಂದೆ ಹಿಂದೆ ಸರಿದಳು. ಅವಳ ಬೆನ್ನ ಹಿಂದೆ ಮೋರಿ. ಮುನೀಂದ್ರ ಓಡಿಹೋಗಿ ಅವಳ ರಟ್ಟೆ ಹಿಡಿದು ಎಳೆದ. ಎಲೆಗಳು ಚೆಲ್ಲಿದವು. "ಹುಚ್ಚು ಹಿಡಿದಿದೆಯಾ ನಿನಗೆ" ಎಂದು ಮುದುಕಿ ತಮಿಳು ತೆಲುಗು ಸೇರಿಸಿ ಬೈದಳು. ಎಲೆ ಆಯ್ದುಕೊಟ್ಟು, ಅವುಗಳಲ್ಲೇ ಒಂದನ್ನು ಕೊಂಡು, ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡ. ಯಾಕೆ ಕೊಂಡೆ ಎಂದು ಆ ಹೊತ್ತಿನಲ್ಲಿ ಕೇಳಿದ್ದರೆ ಅವನೂ ಹೇಳುತ್ತಿರಲಿಲ್ಲ.

ಮುಂದಿನ ಮೂಲೆಯಲ್ಲಿ ನಾಲ್ಕೂ ಕಪ್ಪು ಬಿದ್ದವು. ಬಸ್‌ಸ್ಟ್ಯಾಂಡಿಗೆ ಹೋದ. ಮೊದಲು ಬಂದದ್ದು ಬೇತಮಂಗಲದ ಬಸ್ಸು. ಎರಡು ವರ್ಷದಲ್ಲಿ ಒಂದು ಸಲವೂ ಬೀಜದ ಮಾತು ಮೀರಿರಲಿಲ್ಲ. ಬೇತಮಂಗಲಕ್ಕೆ ಹೋಗಿ ಕೆರೆ ಏರಿಯ ಮೇಲೆ ಕೂತುಬಿಟ್ಟರೆ ಸಂಜೆಯಾಗುತ್ತದೆ, ಅಮಾವಾಸ್ಯೆ ಕಳೆಯುತ್ತದೆ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟ. ಹತ್ತುವುದಾದರೆ ಹತ್ತು, ಇಲ್ಲ ಇಳಿ ಎಂದು ಕಂಡಕ್ಟರ್ ರೇಗಿದ. ಮುನೀಂದ್ರ ಕಾಲು ಕೆಳಗಿಟ್ಟ. ಬಂಗಾರಪೇಟೆ ಬಸ್ಸು ಹತ್ತಿ, ಅಲ್ಲಿಳಿದು ಬೂದಿಕೋಟೆ ಬಸ್ಸು ಹಿಡಿದ.

ಬೂದಿಕೋಟೆಗೆ ಇನ್ನೂ ಒಂದು ಸ್ಟಾಪ್ ಇರುವಾಗಲೇ ಅತ್ತೆಯ ಊರು. ಹೋಗುವಷ್ಟರಲ್ಲಿ ನಡುಮನೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಮಾವ ಮುನಿಶಾಮಿಯ ಫೋಟೋ, ಅವರ ಅಪ್ಪ ಅಮ್ಮನ ಹೆಸರಿನ ಕಳಶ, ಹೊಸ ಪಂಚೆ, ಸೀರೆ, ಮೂರು ಎಲೆಯಲ್ಲಿ ಕೋಳಿಸಾರು, ಮುದ್ದೆ, ವಡೆ. ವೇಣುವಿನ ಫೋಟೋ ಮೂಲೆಯ ರಾಗಿಮೂಟೆಯ ಮೇಲೆ ಬೋರಲಾಗಿ ಬಿದ್ದಿತ್ತು.

"ಬಂದ್ಯೇನಪ್ಪ" ಎಂದಳು ಕದಿರಮ್ಮ. "ಕೈಕಾಲು ತೊಳ್ಕಂಡು ನಿಮ್ಮ ಮಾವನ್ಗೆ ಧೂಪ ಆಕು."

"ವೇಣುಗೆ ಎಲೆ ಎಲ್ಲತ್ತೆ?"

"ಅವನ್ಗ್ಯಾಕೆ?" ಅವಳು ತಲೆ ಎತ್ತಲಿಲ್ಲ. "ಕಾಲ್ಕೆಳ್ಗೆ ನೋಡ್ದೆ ಪೋನು ನೋಡ್ದೋನ್ಗೆ ನಾನ್ಯಾಕೆ ಅನ್ನ ಇಕ್ಲಿ? ಹೆತ್ತೋಳು ಒಬ್ಳವ್ಳೆ ಅನ್ನೋದು ಗ್ಯಾಪ್ಕ ಇರ್ಲಿಲ್ವಲ್ಲ ಅವನ್ಗೆ."

ಕ್ಯಾಮೆರಾ ಚೀಲದ ಒಳಜೇಬಿನಲ್ಲಿ ಬೆಂಕಿಪೊಟ್ಟಣದೊಳಗೆ ಆ ದಿನದ ಮೆಮೊರಿ ಕಾರ್ಡಿತ್ತು. ಅಳಿಸಲೂ ಆಗದೆ, ನೋಡಲೂ ಆಗದೆ ಎರಡು ವರ್ಷ ಹೊತ್ತು ತಿರುಗಿದ್ದು. ಅದನ್ನು ಕ್ಯಾಮೆರಾಕ್ಕೆ ಹಾಕಿ, ಕೊನೆಯ ಚಿತ್ರವನ್ನು ಪರದೆಗೆ ತಂದು ಅತ್ತೆಯ ಮುಂದೆ ಹಿಡಿದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿದಳು. ನಡುವೆ ಹಣೆಗೆ ಹಣೆ ತಾಗಿಸಿದ ಜೋಡಿ. ಎಡ ಮೂಲೆಯಲ್ಲಿ ವೇಣು. ಬೆನ್ನಿಗೆ ಅಂಚು, ಎರಡು ಕೈಯಲ್ಲೂ ಅಗಲಿಸಿ ಹಿಡಿದ ಥರ್ಮಾಕೋಲ್ ಶೀಟು. ಸರಿಯಾಗಿದೆಯಾ ಬಾವ ಎಂದು ಕೇಳುವ ಮುಖ.

"ಎಲ್ಡು ಕೈಲೂ ಅದೇನೋ ಇಡ್ಕಂಡವ್ನೆ" ಎಂದಳು. ಇನ್ನಷ್ಟು ಹತ್ತಿರಕ್ಕೆ ಬಗ್ಗಿ, "ಪೋನೆಲ್ಲಿ?"

"ಜೇಬಲ್ಲಿತ್ತತ್ತೆ. ಅವನು ನೋಡ್ತಿರ್ಲಿಲ್ಲ. ನಾನು ಸುಳ್ಳೇಳ್ದೆ." ಮಾತು ಶುರುವಾದ ಮೇಲೆ ನಿಲ್ಲಿಸುವುದು ಅವನಿಂದ ಆಗಲಿಲ್ಲ. "ಫೋಟೋದಾಗೆ ಅಡ್ಡ ಬತ್ತಿದ್ದ. ಒಂದೆಜ್ಜೆ ಹಿಂದಕ್ಕೋಗು ಅಂದೆ. ಹೋದ. ಇನ್ನೊಂದೆಜ್ಜೆ ಅಂದೆ."

ಒಲೆಯ ಹತ್ತಿರ ಮುನಿಲಕ್ಷ್ಮಿ ಸೌಟು ಕೆಳಗಿಟ್ಟು ಇತ್ತ ತಿರುಗಿದಳು. ಕದಿರಮ್ಮ ಎದ್ದು ಹೋಗಿ ರಾಗಿಮೂಟೆಯ ಮೇಲಿನ ಫೋಟೋ ಎತ್ತಿ, ಸೆರಗಿನಿಂದ ಗಾಜು ಒರೆಸಿ, ಗಂಡನ ಪಕ್ಕದಲ್ಲಿಟ್ಟಳು. ಮುನೀಂದ್ರನ ಕಂಕುಳಲ್ಲಿದ್ದ ಎಲೆಯನ್ನು ಕೇಳದೆಯೇ ಎಳೆದುಕೊಂಡು ಹಾಸಿದಳು. ಮುದ್ದೆ ಇಟ್ಟಳು. ಸಾರಿನಲ್ಲಿ ಹುಡುಕಿ ಕೋಳಿಯ ಕಾಲಿನ ತುಂಡು ಇಟ್ಟಳು.

ಎಡೆ ಇಟ್ಟಾದ ಮೇಲೆ ಮನೆಯವರೆಲ್ಲ ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಹಿರಿಯರು ಬಂದು ಉಣ್ಣುವ ಹೊತ್ತು ಅದು. ಮುನಿಲಕ್ಷ್ಮಿ ಅವನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡು ಅಂಗಳಕ್ಕೆ ಇಳಿದಳು. ಮುನೀಂದ್ರ ಹೊಸಿಲ ಮೇಲೆ ನಿಂತ. ಅತ್ತೆ ಹೊರಗೆ ಬರಲೆಂದು ದಾರಿ ಬಿಟ್ಟ. ಅವಳು ಬರಲಿಲ್ಲ, ಒಳಗಿನಿಂದಲೇ ಬಾಗಿಲ ಮೇಲೆ ಕೈಯಿಟ್ಟಳು.

"ಹಿಂದಕ್ಕೋಗು" ಎಂದಳು.

ಅವನು ಹೊಸಿಲಿನಿಂದ ಕಾಲು ತೆಗೆದ.

"ಇನ್ನೊಂದೆಜ್ಜೆ."

ಕಣ್ಣು ಅವಳ ಮೇಲಿಟ್ಟುಕೊಂಡೇ, ಹಿಂದೆ ಏನಿದೆಯೆಂದು ನೋಡದೆ ಅವನು ಹೆಜ್ಜೆ ಇಟ್ಟ. ಬಾಗಿಲು ಮುಚ್ಚಿತು. ಅಗುಳಿ ಬಿತ್ತು.

ಒಳಗೆ ಕದಿರಮ್ಮ ಮಾತಾಡುತ್ತಿದ್ದಳು. ಸಣ್ಣ ದನಿ, ಮಾತು ತಿಳಿಯಲಿಲ್ಲ, ನಡುನಡುವೆ "ಉಣ್ಣಪ್ಪ" ಎಂಬುದೊಂದು ಕೇಳಿಸಿತು. ಎಡೆಗೆ ಬಿಡುವ ಹೊತ್ತು ಕಳೆಯಿತು, ಅದರ ಮೇಲೆ ಇನ್ನಷ್ಟು ಕಳೆಯಿತು. ಬಾಗಿಲು ತೆಗೆಯಲಿಲ್ಲ. ಅಂಗಳದ ಒರಳುಕಲ್ಲಿನ ಮೇಲೆ ಮುನಿಲಕ್ಷ್ಮಿ ಗಂಡನಿಗೆ ಬೆನ್ನು ಹಾಕಿ ಕೂತಿದ್ದಳು. ಅವಳ ಕೈಯಲ್ಲಿ ಕ್ಯಾಮೆರಾದ ಪರದೆ ಆರಿಹೋಯಿತು. ಅವಳು ಗುಂಡಿ ಒತ್ತಿದಳು. ತಮ್ಮ ಮತ್ತೆ ಮೂಲೆಯಲ್ಲಿ ಬಂದು ನಿಂತ.