ಐದನೆಯ ಚುಕ್ಕೆ

ಇದು ನಡೆದ ಕಥೆ. ನಾನು ಹೇಳುವ ಎಷ್ಟೋ ಕಥೆಗಳು ನಡೆಯುವುದಿಲ್ಲ, ಕುಂಟುತ್ತವೆ. ಇದು ಮಾತ್ರ ಮದುರೆಯಲ್ಲಿ ಹಾಡಹಗಲೇ ನೆಟ್ಟಗೆ ನಡೆದದ್ದು. ಅನುಮಾನವಿದ್ದವರು ಮೇಲಮಾಸಿ ಬೀದಿಗೆ ಹೋಗಿ, ಕಂಪ್ಯೂಟರ್ ಅಂಗಡಿಯ ಯಜಮಾನ ಜೆಯಕ್ಕೊಡಿ ಅಣ್ಣಾಚ್ಚಿಯನ್ನೇ ಕೇಳಬಹುದು; ಅಣ್ಣಾಚ್ಚಿ ಅಂದರೆ ದೊಡ್ಡಣ್ಣ. ಅವರು ಹೇಳುವಾಗ ನಾನು ಇನ್ನೂ ಸ್ವಲ್ಪ ಹೆಚ್ಚು ಪಾಪಿಯಾಗಿರುತ್ತೇನೆ, ಅಷ್ಟೇ ವ್ಯತ್ಯಾಸ.

ನನ್ನ ಹೆಸರು ಸೋಣೈಮುತ್ತು. ಓಚಪ್ಪಣ್ಣನ ಫ್ಲೆಕ್ಸ್ ಪ್ರೆಸ್ಸಿನಲ್ಲಿ ಕೂತು ಬ್ಯಾನರ್ ಮಾಡುವವನು. ಕಪ್ಪಗಿದ್ದವರನ್ನು ಬೆಳ್ಳಗೆ ಮಾಡುವುದು, ಬೋಳುತಲೆಯಲ್ಲಿ ಬೆಳೆ ತೆಗೆಯುವುದು, ಮಾತು ಬಿಟ್ಟ ಷಡ್ಡಕರನ್ನು ಹೆಗಲಿಗೆ ಹೆಗಲು ತಾಗಿಸಿ ನಿಲ್ಲಿಸುವುದು ನನ್ನ ಕಸುಬು. ಕಸುಬಲ್ಲದ ಕಸುಬು ಇನ್ನೊಂದಿದೆ. ಯಾರ ದನಿಯನ್ನಾದರೂ ಒಂದೆರಡು ಸಲ ಕೇಳಿದರೆ ಸಾಕು, ಮುಂದಿನ ಸಲ ಅದು ನನ್ನ ಬಾಯಿಂದಲೇ ಬರುತ್ತದೆ. ಇದರಿಂದ ನನಗೆ ಸಿಕ್ಕ ಚಪ್ಪಾಳೆಯಷ್ಟೇ ಏಟುಗಳೂ ಸಿಕ್ಕಿವೆ.

ಪ್ರೆಸ್ಸಿನ ಹಳೆಯ ಮಾನಿಟರ್ ಸುಟ್ಟುಹೋದಾಗ ಹೊಸದನ್ನು ಅಣ್ಣಾಚ್ಚಿಯ ಅಂಗಡಿಯಿಂದ ತಂದವನು ನಾನೇ. "ಅಲ್ಲೇ ತಗೊಳ್ಳೋಣ ಅಣ್ಣೇ, ನಂಬಿಕಸ್ಥರು" ಎಂದು ಓಚಪ್ಪಣ್ಣನಿಗೆ ಶಿಫಾರಸು ಮಾಡಿದ್ದೂ ನಾನೇ. ಆ ಮಾತನ್ನು ನಾನು ನನ್ನ ಸ್ವಂತ ದನಿಯಲ್ಲಿ ಹೇಳಿದ್ದೆ, ಅದೇ ತಪ್ಪಾಯಿತು.

ಅದರ ಮೇಲೆ ಮಾಡಿದ ಮೊದಲ ಕೆಲಸ ಸೆಲ್ಲೂರಿನ ವೀರಾಯಿ ಅಪ್ಪತ್ತಾಳ ಮೊಮ್ಮಗನ ಮೊದಲ ಹುಟ್ಟುಹಬ್ಬದ ಬ್ಯಾನರ್. ಅಪ್ಪತ್ತಾ ಅಂದರೆ ಅಪ್ಪನ ತಾಯಿ; ಆ ಬೀದಿಗೆಲ್ಲ ಅವಳು ಅಪ್ಪತ್ತಾಳೇ. ಸುತ್ತ ನೆಂಟರ ಮುಖಗಳು, ನಡುವೆ ನಿಂಬೆಹಣ್ಣಿನಷ್ಟಗಲದ ಮಗುವಿನ ಮುಖ. ಮಗುವಿನ ಚಿತ್ರದಲ್ಲಿ ಕೆನ್ನೆಗೆ ದೃಷ್ಟಿಬೊಟ್ಟು ಇರಲೇಬೇಕು. ಫೋಟೋದಲ್ಲಿ ಇಲ್ಲದಿದ್ದರೆ ನಾವೇ ಇಡಬೇಕು. ಇದು ಫ್ಲೆಕ್ಸಿನವರ ಮೊದಲ ಪಾಠ. ನೋಡಿದೆ, ಬಲಗೆನ್ನೆಯ ಮೇಲೆ ಸಾಸಿವೆಯಷ್ಟು ಕಪ್ಪು ಬೊಟ್ಟು ಚೊಕ್ಕವಾಗಿ ಕೂತಿತ್ತು. ಸರಿ ಎಂದು ಮುದ್ರಣಕ್ಕೆ ಕಳಿಸಿದೆ.

ಮರುದಿನ ಬೆಳಿಗ್ಗೆ ಅಪ್ಪತ್ತಾ ಸೆರಗು ಬಿಗಿದುಕೊಂಡು ಪ್ರೆಸ್ಸಿಗೇ ಬಂದಳು. ಕಂಕುಳಲ್ಲಿ ಮೊಮ್ಮಗ, ಅವನ ಮೈ ಕೆಂಡ.

"ಯಾವನೋ ಅವನು, ನನ್ನ ಮೊಮ್ಮಗನ ಬೋಳು ಕೆನ್ನೇನ ಬೀದಿಗೆಲ್ಲ ತೋರಿಸಿದೋನು? ಬಸ್ಸಲ್ಲಿ ಹೋಗೋರ ಕಣ್ಣೂ ಬಿತ್ತು, ಲಾರೀಲಿ ಹೋಗೋರ ಕಣ್ಣೂ ಬಿತ್ತು! ಬೆಂಕಿ ಹಾಗೆ ಸುಡ್ತಾ ಇದೆ ಮಗು!"

"ಬೊಟ್ಟು ಇದೆ ಅಪ್ಪತ್ತಾ, ನಾನೇ ನೋಡಿದೀನಿ. ಬೇಕಾದ್ರೆ ತೋರಿಸ್ತೀನಿ" ಎಂದು ಕಡತ ತೆರೆದೆ. ಬೊಟ್ಟು ಇತ್ತು. ಗೆದ್ದೆ ಎಂದುಕೊಂಡು ಇನ್ನೂ ಚೆನ್ನಾಗಿ ಕಾಣಲೆಂದು ಚಿತ್ರವನ್ನು ಮೇಲೆ ಸರಿಸಿದೆ. ಮಗು ಮೇಲೆ ಹೋಯಿತು. ಬೊಟ್ಟು ಇದ್ದಲ್ಲೇ ನಿಂತಿತು, ಮಗುವಿನ ಸೋದರಮಾವನ ಮೀಸೆಯ ಪಕ್ಕದಲ್ಲಿ.

ಅಪ್ಪತ್ತಾ ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು, ಓಚಪ್ಪಣ್ಣನ ಕಡೆ ತಿರುಗಿ, "ಇಂಥೋನಿಗೆ ಅನ್ನ ಹಾಕ್ತಿದ್ದೀಯಲ್ಲಪ್ಪ" ಎಂದು ಮಾತ್ರ ಹೇಳಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬ್ಯಾನರ್ ಇಳಿಸಿ, ಹೊಸದನ್ನು ಅಚ್ಚು ಹಾಕಿ ಕಟ್ಟಿದ್ದಾಯಿತು. ಮಗುವಿನ ಜ್ವರವೂ ಇಳಿಯಿತು. ಓಚಪ್ಪಣ್ಣನ ಸಿಟ್ಟು ಇಳಿಯಲಿಲ್ಲ. "ಲೇ ಸೋಣೈ, ನಂಬಿಕಸ್ಥರು ಅಂದೆಯಲ್ಲ? ಬದಲಿ ಮಾನಿಟರ್ ತಗೊಂಡು ಬಾ. ಇಲ್ಲಾಂದ್ರೆ ನಾನು ಬದಲಿ ಆಳು ನೋಡ್ಕೋತೀನಿ."

ಮಾನಿಟರನ್ನು ಮಗುವಿನ ಹಾಗೆ ಎತ್ತಿಕೊಂಡು ಅಣ್ಣಾಚ್ಚಿಯ ಅಂಗಡಿಗೆ ಹೋದೆ. ಅಣ್ಣಾಚ್ಚಿ ಅಂದರೆ ತೋಳು ಮಡಿಸಿದ ಬಿಳಿ ಅಂಗಿ, ದುಂಡು ಹೊಟ್ಟೆ, ಎಡಗೆನ್ನೆಯ ಮೇಲೆ ಮೆಣಸಿನಕಾಳಿನಂಥ ಮಚ್ಚೆ. ಮಾತಿಗೆ ಮೊದಲು "ಕ್ಹುಂ" ಎಂದು ಗಂಟಲು ಸರಿ ಮಾಡಿಕೊಳ್ಳುತ್ತಾರೆ. ಬಿಳಿ ಪರದೆ ಹಾಕಿ ತೋರಿಸಿದೆ. ಅವರು ಉಗುರಲ್ಲಿ ಕೆರೆದರು, ಬಟ್ಟೆಯಲ್ಲಿ ಒರೆಸಿದರು, ಕನ್ನಡಕ ಹಾಕಿಕೊಂಡು ಎಣಿಸಿದರು.

"ಕ್ಹುಂ. ಕೇಳ್ಕೊ ತಂಬಿ. ನಾಲ್ಕು ಪಿಕ್ಸೆಲ್ ಸತ್ತಿವೆ, ಒಟ್ಟಿಗೆ ಇರೋದ್ರಿಂದ ಒಂದು ಚುಕ್ಕೆ ಹಾಗೆ ಕಾಣುತ್ತೆ. ಲಕ್ಷಗಟ್ಟಲೆ ಇರೋ ಊರಲ್ಲಿ ನಾಲ್ಕು ಸಾವು ಆಗಲ್ವಾ? ಅದಕ್ಕೆ ಯಾರಾದ್ರೂ ಊರೇ ಬದಲಾಯಿಸ್ತಾರಾ?"

"ಸತ್ತಿದ್ದು ಹೊಸ ಪೆಟ್ಟಿಗೆ ಒಳಗೆ ಅಣ್ಣಾಚ್ಚಿ. ಹುಟ್ಟೋಕೆ ಮುಂಚೇನೇ."

"ಕಂಪನಿ ನಿಯಮ ಕಣೋ. ನಾಲ್ಕರ ತನಕ ಕುಂದಲ್ಲ, ಐದಾದ್ರೆ ಕುಂದು. ಐದನೇದು ಬರಲಿ, ತುಟಿ ಬಿಚ್ಚದೆ ಬದಲಾಯಿಸಿ ಕೊಡ್ತೀನಿ."

"ಬರದಿದ್ರೆ?"

"ನಿನ್ನ ಪುಣ್ಯ. ಪರದೆಗೆ ದೃಷ್ಟಿಬೊಟ್ಟು ಇಟ್ಟಿದೆ ಅಂದ್ಕೊ. ಯಾರ ಕಣ್ಣೂ ಬೀಳಲ್ಲ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅಪ್ಪತ್ತಾಳ ವಿಷಯ ಅವರಿಗೆ ಗೊತ್ತಿರಲಿಲ್ಲ, ನಿಜ. ಆದರೂ ಆ ಒಂದು ಮಾತು ನನ್ನ ಕಿವಿಯೊಳಗೆ ಹೋಗಿ ಕಾಲು ಚಾಚಿ ಮಲಗಿಬಿಟ್ಟಿತು. ಹೊರಗೆ ಬಂದು ಜಿಗರ್‌ಥಂಡಾ ಕುಡಿದೆ. ಮೈ ತಂಪಾಯಿತು, ಒಳಗಿನದು ಆಗಲಿಲ್ಲ.

ಪ್ರೆಸ್ಸಿಗೆ ಹೋಗಿ ಐದನೆಯದನ್ನು ನಾನೇ ಕೊಲ್ಲಲು ನೋಡಿದೆ. ಹೆಬ್ಬೆರಳಲ್ಲಿ ಒತ್ತಿದೆ, ಪೆನ್ನಿನ ಹಿಂಬದಿಯಲ್ಲಿ ತಿವಿದೆ. ಒಂದೂ ಸಾಯಲಿಲ್ಲ. ಬೇಡವಾದಾಗ ಸಾಯುವುದು, ಬೇಕಾದಾಗ ಗಟ್ಟಿಯಾಗಿ ಬದುಕುವುದು. ಥೇಟ್ ನಮ್ಮ ನೆಂಟರ ಹಾಗೆ.

ಆಮೇಲೆ ಅಣ್ಣಾಚ್ಚಿಯ ಅಂಗಡಿಗೆ ಇನ್ನೊಮ್ಮೆ ಹೋದೆ, ಬೇಕೆಂದೇ, ಗಿರಾಕಿಗಳು ತುಂಬಿದ್ದ ಹೊತ್ತಿಗೆ. ಪೆನ್‌ಡ್ರೈವಿನಲ್ಲಿ ಬರೀ ಬಣ್ಣದ ಹಾಳೆಗಳು. ಬಿಳಿ ಹಾಕಿದರೆ ಸತ್ತ ಚುಕ್ಕೆ ಕಾಣುತ್ತದೆ. ಕಪ್ಪು ಹಾಕಿದರೆ ಆರದೆ ಉರಿಯುವ ಚುಕ್ಕೆ ಕಾಣುತ್ತದೆ. ಕೆಂಪು, ಹಸಿರು, ನೀಲಿ ಹಾಕಿದರೆ ಅರೆಜೀವದವು ಸಿಕ್ಕಿಬೀಳುತ್ತವೆ. ಸಾಲಾಗಿ ಇಟ್ಟಿದ್ದ ಮಾನಿಟರುಗಳನ್ನೆಲ್ಲ ಹೆಣ್ಣು ನೋಡಲು ಬಂದ ಅತ್ತೆಯ ಹಾಗೆ ಪರೀಕ್ಷಿಸಿದೆ. ಒಂದರಲ್ಲಿ ಮೂಲೆಯಿಂದ ಬೆಳಕು ಸೋರುತ್ತಿತ್ತು. ಇನ್ನೊಂದು ಕನ್ನಡಿಯ ಹಾಗೆ ಹೊಳೆದು ನನ್ನ ಮುಖವನ್ನೇ ತೋರಿಸುತ್ತಿತ್ತು. ನನ್ನ ಮುಖ ನೋಡಿಕೊಂಡು ದಿನವಿಡೀ ಕೆಲಸ ಮಾಡಲಾಗದು. ಮತ್ತೊಂದು ನೇರ ಕೂತರೆ ಸರಿ, ಪಕ್ಕಕ್ಕೆ ಸರಿದರೆ ಅರಿಶಿನವೆಲ್ಲ ಬೂದಿ. ಕೊನೆಗೆ ಗಾಜಿನ ಬೀರುವಿನಲ್ಲಿದ್ದದ್ದು ಸಿಕ್ಕಿತು. ಒಂದು ಚುಕ್ಕೆಯಿಲ್ಲ, ಹೊಳಪಿಲ್ಲ, ಕತ್ತು ಎತ್ತಿ ಇಳಿಸಲು ಬರುತ್ತದೆ, ಯಾವ ಪಕ್ಕದಿಂದ ನೋಡಿದರೂ ಬಣ್ಣ ಬದಲಿಸುವುದಿಲ್ಲ. ಆ ಗುಣ ಮನುಷ್ಯರಲ್ಲೂ ಕಡಿಮೆ.

"ಇದೇ ಬೇಕು ಅಣ್ಣಾಚ್ಚಿ. ಬದಲಿಗೆ."

"ಕ್ಹುಂ. ಅದು ಮಾರೋಕೆ ಇಟ್ಟಿರೋದು ತಂಬಿ, ಬದಲಿ ಕೊಡೋಕಲ್ಲ. ಐದನೇದು ಬಂತಾ?"

"ಇಲ್ಲ."

"ಬಂದಾಗ ಬಾ." ಮತ್ತೆ ನಗು. ಆ ನಗುವನ್ನು, ಆ ಕ್ಹುಂಕಾರವನ್ನು ಗಂಟಲಿಗೆ ತುಂಬಿಕೊಂಡು ಬಂದೆ.

ದೇವರು ಇದ್ದಾನೆ, ಅವನಿಗೂ ಬ್ಯಾನರಿನ ಕೆಲಸ ಗೊತ್ತು. ಮುಂದಿನ ವಾರವೇ ಅಣ್ಣಾಚ್ಚಿ ನಮ್ಮ ಪ್ರೆಸ್ಸಿನ ಮೆಟ್ಟಿಲು ಹತ್ತಿದರು. ತಂಗಿಯ ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ. ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಬೇಕು. ಸೋದರಮಾವನೇ ಅಂದಿನ ರಾಜ. ತಂಗಿಯ ಗಂಡನ ಮನೆಯವರ ಎದುರು ರಾಜ ಇಪ್ಪತ್ತಡಿ ಕಾಣಬೇಕಿತ್ತು.

"ಮಂಟಪದ ವೇದಿಕೆ ಎದುರಿಗೇ ಕಟ್ಟಬೇಕು. ಕೂತಲ್ಲಿಂದ ನನಗೂ ಕಾಣಬೇಕು" ಎಂದರು. ಆಮೇಲೆ ನನ್ನ ಹತ್ತಿರ ಬಾಗಿ, ದನಿ ತಗ್ಗಿಸಿದರು. "ಕ್ಹುಂ. ಕೇಳ್ಕೊ ತಂಬಿ. ಈ ಕೆನ್ನೆ ಮೇಲಿನ ಮಚ್ಚೆ ಇದೆಯಲ್ಲ, ಅದನ್ನ ತೆಗೆದುಬಿಡು. ನನ್ನ ಮುಖದಲ್ಲಿ ಒಂದು ಚುಕ್ಕೇನೂ ಇರಬಾರ್ದು."

ಒಂದು ಚುಕ್ಕೆಯೂ! ನನ್ನ ನಾಲಿಗೆ ಕುಣಿಯಿತು. ಹಲ್ಲಿನಲ್ಲಿ ಕಚ್ಚಿ ಹಿಡಿದೆ. "ಆಗಲಿ ಅಣ್ಣಾಚ್ಚಿ" ಎಂದೆ, ತುಂಬ ವಿನಯದಿಂದ. ವಿನಯವೂ ನನಗೆ ಮಿಮಿಕ್ರಿಯೇ.

ಮಚ್ಚೆ ತೆಗೆದೆ. ಕೂದಲು ಕೊಟ್ಟೆ, ಹೊಟ್ಟೆ ಇಳಿಸಿದೆ. ಬ್ಯಾನರ್ ಹಾಲಿನಲ್ಲಿ ಅದ್ದಿದ ಹಾಗೆ ಬಂತು. ಓಚಪ್ಪಣ್ಣ ಕೂಡ ಬೆನ್ನು ತಟ್ಟಿದ. ಅವನಿಗೆ ತೋರಿಸದೆ ಕಪ್ಪು ಸ್ಟಿಕ್ಕರ್ ಹಾಳೆಯಿಂದ ಅಂಗೈಯಗಲದ ನಾಲ್ಕು ಬಿಲ್ಲೆ ಕತ್ತರಿಸಿ ಅಂಗಿಯ ಒಳಗೆ ಇಟ್ಟುಕೊಂಡೆ. ಎಳೆದರೆ ಗುರುತಿಲ್ಲದೆ ಬರುವಂಥ ಸ್ಟಿಕ್ಕರ್. ಸಿಟ್ಟು ಎಷ್ಟೇ ಇರಲಿ, ನನ್ನದೇ ಕೆಲಸವನ್ನು ಹಾಳು ಮಾಡುವಷ್ಟು ಹುಚ್ಚು ನನಗಿಲ್ಲ.

ಕಿವಿ ಚುಚ್ಚುವ ದಿನ ಬ್ಯಾನರ್ ಕಟ್ಟಲು ಹೋದವನೂ ನಾನೇ. ಕಟ್ಟಿ, ಮೇಲೆ ಬಟ್ಟೆ ಹೊದಿಸಿ ಇಳಿದೆ. ಬಟ್ಟೆ ಹೊದಿಸುವ ಮೊದಲು ಏಣಿಯ ಮೇಲೆ ಸ್ವಲ್ಪ ಹೊತ್ತು ಹೆಚ್ಚಾಗಿಯೇ ನಿಂತಿದ್ದೆ. ಮೈಕ್‌ಸೆಟ್ ನೋಡಿಕೊಳ್ಳುವ ಸುರುಳಿ ಎಂಬವನು ನನ್ನ ಜತೆ ಓದಿದವನು. "ಒಂದೇ ನಿಮಿಷ ಮೈಕ್ ಕೊಡೋ" ಎಂದೆ. "ನನ್ನ ಹೊಟ್ಟೆಗೆ ಕಲ್ಲು ಹಾಕಬೇಡ" ಎನ್ನುತ್ತಲೇ ಕೊಟ್ಟ.

ತವರಿನ ಉಡುಗೊರೆ ಹೊತ್ತ ಸೀರಿನ ತಟ್ಟೆಗಳು ಬಂದವು, ಡೋಲು ಬಂತು, ಹಿಂದೆ ರೇಷ್ಮೆ ವೇಷ್ಟಿಯಲ್ಲಿ ಅಣ್ಣಾಚ್ಚಿ ಬಂದರು. ವೇದಿಕೆಯ ಮೇಲೆ ಕೂತು ಮಗುವನ್ನು ತೊಡೆಗೆ ತೆಗೆದುಕೊಂಡು ಬಿಗಿಯಾಗಿ ಹಿಡಿದರು. ಆಚಾರಿ ಮೊದಲನೆಯ ಕಿವಿ ಚುಚ್ಚಿದ. ಮಗು ಕಿರುಚಿತು. ನಾನು ದಾರ ಎಳೆದೆ, ಬಟ್ಟೆ ಜಾರಿತು.

ಇಪ್ಪತ್ತಡಿಯ ಅಣ್ಣಾಚ್ಚಿ. ಅವರ ಕೆನ್ನೆಯ ಮೇಲೆ, ನನ್ನ ಪರದೆಯಲ್ಲಿದ್ದ ಹಾಗೆಯೇ ಗುಂಪಾಗಿ ಕೂತ ನಾಲ್ಕು ಕಪ್ಪು ಚುಕ್ಕೆ.

ಕತ್ತುಗಳೆಲ್ಲ ಬ್ಯಾನರಿನ ಕಡೆ ತಿರುಗಿದವು. ಅಣ್ಣಾಚ್ಚಿ ಎದ್ದೇಳುವ ಹಾಗಿಲ್ಲ. ತೊಡೆಯ ಮೇಲೆ ಮಗು, ಮಗುವಿನ ಕಿವಿಯ ಪಕ್ಕ ಸೂಜಿ. ಆಗ ಲೌಡ್‌ಸ್ಪೀಕರ್ ಗಂಟಲು ಸರಿ ಮಾಡಿಕೊಂಡಿತು.

"ಕ್ಹುಂ. ಕೇಳ್ಕೊಳ್ಳಿ ನೆಂಟರೇ. ಯಾರೂ ಗಾಬರಿ ಆಗಬೇಡಿ. ನಾಲ್ಕರ ತನಕ ಕುಂದಲ್ಲ. ಕಂಪನಿ ನಿಯಮ! ಇಷ್ಟು ದೊಡ್ಡ ಮುಖದಲ್ಲಿ ನಾಲ್ಕು ಸಾವು ಆಗಲ್ವಾ? ಅದಕ್ಕೆ ಯಾರಾದ್ರೂ ಮುಖಾನೇ ಬದಲಾಯಿಸ್ತಾರಾ? ದೃಷ್ಟಿಬೊಟ್ಟು ಅಂದ್ಕೊಳ್ಳಿ!"

ಎಲ್ಲರೂ ವೇದಿಕೆಯ ಕಡೆ ತಿರುಗಿದರು. ದನಿ ಅಣ್ಣಾಚ್ಚಿಯದು, ಬಾಯಿ ಮುಚ್ಚಿದೆ. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕಿಸಕ್ಕೆಂದಳು. ಅಷ್ಟೇ, ಇಡೀ ಮಂಟಪ ಹೊರಳಾಡಿತು. ನನಗೆ ಹಾಲು ಕುಡಿದಷ್ಟು ಸಂತೋಷ. ಇದೇ, ಇದೇ ನಗು, ಅಂಗಡಿಯಲ್ಲಿ ನಾನು ತಿಂದದ್ದು. ಬಡ್ಡಿ ಸಮೇತ ಬಡಿಸಿದ್ದೇನೆ, ಉಣ್ಣಿ ಅಣ್ಣಾಚ್ಚಿ!

ಅವರು ಉಣ್ಣಲಿಲ್ಲ. ಮುಖ ಬದನೆಕಾಯಿಯಾಯಿತು. ತಂಗಿಯ ಗಂಡ ತೋಳು ಮಡಿಸುತ್ತ ಮೈಕಿನ ಕಡೆ ಹೊರಟ. ಸುರುಳಿ ನನ್ನನ್ನು ಬಿಟ್ಟು ಕಂಬದ ಹಿಂದೆ ಸೇರಿದ. ಓಚಪ್ಪಣ್ಣ ಊಟದ ಸಾಲಿನಿಂದ ಎದ್ದು ಬರುತ್ತಿದ್ದದ್ದು ಕಾಣಿಸಿತು. ಕೆಲಸ ಹೋಯಿತು, ಹಲ್ಲೂ ಹೋಗುತ್ತದೆ ಎಂದುಕೊಂಡೆ. ಹೋಗುವುದು ಹೇಗೂ ಹೋಗುತ್ತದೆ, ಪೂರ್ತಿ ಹೇಳಿಯೇ ಹೋಗಲಿ ಎಂದು ಮೈಕನ್ನು ಬಾಯಿಗೆ ಒತ್ತಿಕೊಂಡೆ.

"ಕ್ಹುಂ. ಐದನೇದು ಬರಲಿ, ತುಟಿ ಬಿಚ್ಚದೆ ಬದಲಾಯಿಸಿ ಕೊಡ್ತೀನಿ!"

ಅಣ್ಣಾಚ್ಚಿ ಬ್ಯಾನರನ್ನೇ ನೋಡುತ್ತಿದ್ದರು. ಒಂದು, ಎರಡು ಎಂದು ತುಟಿಯಲ್ಲೇ ಎಣಿಸಿದ್ದು ದೂರಕ್ಕೂ ಕಂಡಿತು. ಮಗುವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯನ್ನು ನಿಧಾನವಾಗಿ ಎತ್ತಿದರು. ಮೈಕಿನ ಕಡೆ ಹೊರಟಿದ್ದ ತಂಗಿಯ ಗಂಡ ನಿಂತ. ಆ ಕೈಯ ಬೆರಳು ಅವರ ಎಡಗೆನ್ನೆಗೆ ಹೋಗಿ, ನಾನು ಬ್ಯಾನರಿನಿಂದ ಅಳಿಸಿದ್ದ ಮಚ್ಚೆಯ ಮೇಲೆ ಕೂತಿತು.

"ಲೇ ಪಾಪಿ!" ಎಂದು ಅವರು ಮೈಕಿಲ್ಲದೆಯೇ ಇಡೀ ಮಂಟಪಕ್ಕೆ ಕೇಳುವಂತೆ ಕೂಗಿದರು. "ಐದನೇದು ಇಲ್ಲೇ ಇರುವಾಗ ಊರೆಲ್ಲ ಹುಡುಕ್ತಿದ್ದೀಯಲ್ಲೋ! ನಾಳೆ ಬಾ, ಬೀರುವಿನಲ್ಲಿರೋದನ್ನೇ ಹೊತ್ಕೊಂಡು ಹೋಗು!"

ಹಾಗೆಂದವರು ನಗತೊಡಗಿದರು. ಮೊದಲು ಭುಜ, ಆಮೇಲೆ ಹೊಟ್ಟೆ, ಹೊಟ್ಟೆಯ ಜತೆ ಮಗು. ಅಳುತ್ತಿದ್ದ ಮಗು ಕುದುರೆ ಹತ್ತಿದ ಹಾಗೆ ಮೇಲೆ ಕೆಳಗೆ ಹಾರುತ್ತ, ಅಳುವುದೋ ನಗುವುದೋ ತಿಳಿಯದೆ ಬಾಯಿ ತೆರೆದು ನೋಡಿತು. ಮಂಟಪದ ನಗುವೆಲ್ಲ ಆರಿ ಜನ ಎಲೆಯ ಕಡೆ ಹೊರಟರೂ ಆ ಒಂದು ನಗು ನಿಲ್ಲಲಿಲ್ಲ.

"ಅಣ್ಣಾಚ್ಚಿ, ಸ್ವಲ್ಪ ಅಲ್ಲಾಡದೆ ಕೂತ್ಕೊಳ್ಳಿ" ಎಂದು ಆಚಾರಿ ಸೂಜಿ ಹಿಡಿದು ಬೇಡುತ್ತಿದ್ದ. "ಇನ್ನೊಂದು ಕಿವಿ ಬಾಕಿ ಇದೆ!"